ಒಂಬತ್ತನೆಯ ಲೋಟ

ಮೇ ೫, ಸೋಮವಾರ

ಮೊದಲು ಸಾರಿ. ಈ ನೋಟ್‌ಬುಕ್ ನನ್ನದಲ್ಲ. ಮೊದಲ ಹಾಳೆಯ ಮೇಲೆ ‘ಶಹನಾಜ, ಕಾಲಂ ರೀಡಿಂಗ್’ ಎಂದು ನೀಲಿ ಇಂಕಿನಲ್ಲಿ ಚಂದವಾಗಿ ಬರೆದಿದೆ. ಕೆಲಸದ ಟೇಬಲ್ಲಿನ ಡ್ರಾಯರ್‌ನಲ್ಲಿ ಸಿಕ್ಕಿತು, ಹಿಂದಿನ ಅರ್ಧ ಖಾಲಿ ಇತ್ತು, ಬರೆಯಲು ಕೂತುಬಿಟ್ಟೆ. ಶಹನಾಜ ಅಕ್ಕಾ, ನೀವು ಯಾರೋ ನನಗೆ ಗೊತ್ತಿಲ್ಲ. ಪರ್ಮಿಷನ್ ಕೇಳದೆ ನಿಮ್ಮ ಪುಸ್ತಕಕ್ಕೆ ಕೈ ಹಾಕಿದ್ದಕ್ಕೆ ಬೈಯಬೇಡಿ. ನನ್ನ ಡೈರಿ ಕಾಲೇಜ್ ಹಾಸ್ಟೆಲ್‌ನಲ್ಲೇ ಉಳಿದಿದೆ. ಐದನೆಯ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲಿ ಬೆಳೆದವಳು ನಾನು, ಮಾತಾಡಲು ಯಾರೂ ಇಲ್ಲದಾಗ ಹಾಳೆಯ ಹತ್ತಿರ ಮಾತಾಡಿ ರೂಢಿ. ಯಾರೂ ಓದದ ಕಡೆ ಬರೆಯುವುದಕ್ಕೂ ಸಾರಿ ಕೇಳುವವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಇವತ್ತು ಟ್ರೇನಿಂಗಿನ ಫಸ್ಟ್ ಡೇ. ಫುಡ್ ಟೆಕ್ನಾಲಜಿ ಫಸ್ಟ್ ಇಯರ್‌ನವರಿಗೆ ಐದು ವಾರ. ಕ್ಲಾಸ್‌ಮೇಟ್ಸ್‌ಗೆಲ್ಲ ಬಿಸ್ಕಿಟ್ ಫ್ಯಾಕ್ಟರಿ, ಐಸ್‌ಕ್ರೀಂ ಫ್ಯಾಕ್ಟರಿ ಸಿಕ್ಕವು. ನನಗೆ ಸಿಕ್ಕಿದ್ದು ಅಣ್ಣಿಗೇರಿಯ ಹೊರಗೆ, ಗದಗ ರೋಡಿನ ಬಾಜು ಒಂದು ಹಳೆಯ ಹತ್ತಿ ಜಿನ್ನಿಂಗ್ ಶೆಡ್. ಒಳಗೆ ಎರಡಾಳು ಎತ್ತರದ ಎಂಟು ಸ್ಟೀಲ್ ಕಾಲಂಗಳು. ಹೊಳೆಪ್ಪ ಕಾಕಾ ಅವನ್ನು ಕಂಬ ಅನ್ನುತ್ತಾರೆ. ಶೆಡ್ಡಿಗೆಲ್ಲ ಅವರೊಬ್ಬರೇ ಆಪರೇಟರ್, ಮೊದಲು ಗಾಣದಲ್ಲಿ ಬೆಲ್ಲ ಮಾಡುತ್ತಿದ್ದರಂತೆ.

“ಏನ್ ಬೇ ನಿನ್ನ ಹೆಸರು?”

“ಜಿವಿ ಅಂತಾರೆ ಸರ್. ಗುರವ್ವ.”

“ಸರ್ ಅಂತ ಸರ್. ಕಾಕಾ ಅನ್ನು. ಗುರವ್ವ ಅನ್ನೂದೊಂದು ಛಲೋ ಹೆಸರು ಇಟ್ಕೊಂಡು ಜಿವಿ ಅಂತ ಯಾಕ ಅಡಗಸ್ತಿ? ನಮ್ಮಾಯಿನೂ ಗುರವ್ವನ. ಅಗದಿ ಜೋರ ಹೆಂಗಸು, ಹುಲಿಗೂ ಅಂಜಿದಾಕಿ ಅಲ್ಲ.”

ನಾನು ಎಲ್ಲದಕ್ಕೂ ಅಂಜುವವಳು ಎಂದು ಅವರಿಗೆ ಹೇಳಲಿಲ್ಲ.

ಕೆಲಸ ಇಷ್ಟು. ಗೋವಿನಜೋಳದಿಂದ ಮಾಡಿದ ಪಾಕ ಬೇರೆ ಕಡೆಯಿಂದ ಬರುತ್ತದೆ, ಅದರಲ್ಲಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಎರಡೂ ಕಲೆತಿರುತ್ತವೆ. ಕಾಲಂ ತುಂಬ ಎಳ್ಳಿಗಿಂತ ಸಣ್ಣ ರೆಜಿನ್ ಮಣಿಗಳು, ಮಣಿಗಳಿಗೆ ಕ್ಯಾಲ್ಸಿಯಂ ಹಿಡಿಸಿದೆ. ಮೇಲಿನಿಂದ ಪಾಕ ಬಿಟ್ಟು ಹಿಂದೆಯೇ ಬಿಸಿನೀರು ಒತ್ತಬೇಕು. ಗ್ಲುಕೋಸ್ ಮಣಿಗಳ ನಡುವೆ ನುಸುಳಿ ಮೊದಲು ಕೆಳಗಿಳಿಯುತ್ತದೆ. ಫ್ರಕ್ಟೋಸನ್ನು ಮಣಿಗಳು ಹಿಡಿದುಕೊಂಡು ಆಮೇಲೆ ಬಿಡುತ್ತವೆ. ಪುಸ್ತಕದಲ್ಲಿ ಎಂಟು ಪೇಜು ಇದ್ದದ್ದನ್ನು ಕಾಕಾ ಎರಡು ಮಾತಿನಲ್ಲಿ ಮುಗಿಸಿದರು: “ಒಂದು ಓಡೂ ಸಕ್ಕರಿ, ಒಂದು ನಿಂದ್ರೂ ಸಕ್ಕರಿ. ನಿಂದ್ರೂದಕ್ಕ ಸಿಹಿ ಜಾಸ್ತಿ, ಬೆಲಿನೂ ಜಾಸ್ತಿ.”

ಒಂದು ಸುತ್ತಿನಲ್ಲಿ ಹನ್ನೆರಡು ಸ್ಯಾಂಪಲ್, ಹನ್ನೆರಡು ಸ್ಟೀಲ್ ಲೋಟ. ಎಷ್ಟನೆಯ ಲೋಟದಿಂದ ನಿಲ್ಲುವ ಸಕ್ಕರೆ ಶುರುವಾಯಿತು ಎಂದು ಹೇಳಿದರೆ ಕಾಕಾ ಅಲ್ಲಿಗೆ ವಾಲ್ವ್ ತಿರುಗಿಸಿ ಬೇರೆ ಟ್ಯಾಂಕಿಗೆ ಬಿಡುತ್ತಾರೆ. ಅದನ್ನು ಹೇಳುವ ಪೋಲಾರಿಮೀಟರ್ ರಿಪೇರಿಗೆ ಹೋಗಿ ವರ್ಷವಾಗಿದೆ. ಬ್ರಿಕ್ಸ್ ಮೀಟರ್ ಇದೆ, ಆದರೆ ಅದು ಎಷ್ಟು ಸಕ್ಕರೆ ಎಂದು ಹೇಳುತ್ತದೆ, ಯಾವ ಸಕ್ಕರೆ ಎಂದು ಹೇಳುವುದಿಲ್ಲ. ಹಾಗಾಗಿ ಇಲ್ಲಿ ನಾಲಿಗೆಯೇ ಮೀಟರು. ಕಾಕಾನ ನಾಲಿಗೆ ತಂಬಾಕಿನಲ್ಲಿ ಸುಟ್ಟಿದೆಯಂತೆ. “ಸಿಹಿ ಅನ್ನೂದು ತಿಳಿತೈತಿ, ಯಾವ ಸಿಹಿ ಅನ್ನೂದು ತಿಳಿಯಂಗಿಲ್ಲ. ಅದಕ್ಕ ನಿನ್ನಂಥ ಎಳಿ ನಾಲಿಗಿ ಬೇಕು.”

ಬಾಜು ಒಂದು ಬಕೆಟ್ ಇಟ್ಟರು. “ನಾಲಿಗಿಗೆ ಹಚ್ಚು, ಉಗುಳು. ನುಂಗಬ್ಯಾಡ. ಇವು ಹಿಡಿಯೂ ಮಣಿ ಅದಾವ ಬೇ, ಚೂರು ಲೋಟಕ್ಕೂ ಬರ್ತಾವು. ಹೊಟ್ಟ್ಯಾಗ ಹೋದ್ರ ಅಲ್ಲೂ ಹಿಡಿತಾವು.”

ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಉಗುಳಿದರೆ ಸಿಸ್ಟರ್ ಇಡೀ ವರಾಂಡ ಒರೆಸಲು ಹಚ್ಚುತ್ತಿದ್ದರು. ಗಂಡಸರ ಎದುರು ನಿಂತು ಬಕೆಟ್‌ಗೆ ಉಗುಳಲು ನನಗೆ ಆಗಲೇ ಇಲ್ಲ. ಮುಖ ತಿರುಗಿಸಿ, ಉಗುಳಿದ ಹಾಗೆ ಮಾಡಿ ನುಂಗಿದೆ. ಹನ್ನೆರಡೂ.

ಇನ್ನೊಂದು. ಶೆಡ್ಡಿನ ನೆಲದ ತುಂಬ ಪಾಕ ಚೆಲ್ಲಿ ಒಣಗಿದೆ, ಚಪ್ಪಲಿ ಹಿಡಿದು ಎಳೆಯುತ್ತದೆ. ಒಂದೂ ಇರುವೆ ಇಲ್ಲ. ಇಲ್ಲಿ ನಾನು ಇಳಿದುಕೊಂಡ ಹಾಸ್ಟೆಲ್ ರೂಮಿನಲ್ಲಿ ಬಿಸ್ಕಿಟ್ ಚೂರು ಬಿದ್ದರೆ ಸಾಕು, ಗೋಡೆಯಿಂದ ಸಾಲು ಹೊರಡುತ್ತದೆ. ಕೇಳಿದ್ದಕ್ಕೆ ಕಾಕಾ, “ಅವು ನಿನಗಿಂತ ಶಾಣ್ಯಾ ಅದಾವ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೇ ೭, ಬುಧವಾರ

ಒಂಬತ್ತನೆಯ ಲೋಟ! ಕಣ್ಣು ಮುಚ್ಚಿ ರುಚಿ ನೋಡಿದರೂ ಗೊತ್ತಾಗುತ್ತದೆ. ಆರು, ಏಳು ನಾಲಿಗೆಯ ತುದಿಯಲ್ಲಿ ಬಂದು ಹೋಗಿಬಿಡುತ್ತವೆ. ಒಂಬತ್ತು ಹಾಗಲ್ಲ, ಮೊದಲು ಏನೂ ಇಲ್ಲ, ಆಮೇಲೆ ಹಿಂದಿನಿಂದ ಎದ್ದು ಬಾಯಿ ತುಂಬುತ್ತದೆ, ಯಾರೋ ಹೆಸರು ಹಿಡಿದು ಕರೆದ ಹಾಗೆ. ನಿನ್ನೆ ಲ್ಯಾಬಿಗೆ ಕಳಿಸಿದ ಸ್ಯಾಂಪಲ್ ರಿಪೋರ್ಟ್ ಫೋನಿನಲ್ಲಿ ಬಂತು, ನಾನು ಹೇಳಿದ್ದು ಕರೆಕ್ಟ್. ಶೆಡ್ಡಿನ ಮಾಲಕರು ಮಡಿವಾಳೆಪ್ಪ ಸಾವಕಾರರು ಹುಬ್ಬಳ್ಳಿಯಿಂದ ಸ್ಪೀಕರಿನಲ್ಲಿ ‘ಶಾಬಾಸ್’ ಅಂದರು. ಕೆಮಿಸ್ಟ್ರಿಯಲ್ಲಿ ಫೇಲಾದ ನನಗೆ ಯಾರಾದರೂ ಶಾಬಾಸ್ ಅಂದದ್ದು ಇದೇ ಮೊದಲು.

ಆದರೆ ಕಾಕಾ ಒಂದು ಮಾತು ಹೇಳಿದ್ದಾರೆ. ಬೋರು ಬತ್ತಿದರೆ ಟ್ಯಾಂಕರಿನ ಸವಳು ನೀರು ತರಿಸುತ್ತಾರಂತೆ. ಆ ನೀರಿನ ಉಪ್ಪಿಗೆ ಮಣಿಗಳ ಕ್ಯಾಲ್ಸಿಯಂ ಬಿಟ್ಟು ಹೋಗಿ, ಎರಡೂ ಸಕ್ಕರೆ ಕಲೆತೇ ಇಳಿಯುತ್ತವೆ. “ಆವಾಗ ಲೋಟದ ನಂಬರ್ ನಂಬಬ್ಯಾಡ. ನಾಲಿಗಿ ನಂಬು.”

ಬಿಸಿನೀರು ಇಳಿಯುವಾಗ ಏಳನೆಯ ಕಾಲಂ ಸದ್ದು ಮಾಡುತ್ತದೆ. ಕಲ್ಲುಸಕ್ಕರೆ ಚೀಪುವವರು ಅದನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸುವ ಸದ್ದು. ಆ ಕಾಲಂಗೆ ಒಂದು ಸಣ್ಣ ಗಾಜಿನ ಕಿಟಕಿ ಇದೆ, ಕಾಕಾ ಅದರ ಕೆಳಗೆ ಕರಿ ದಾರ ಕಟ್ಟಿದ್ದಾರೆ. ಕಿಟಕಿಯ ಹತ್ತಿರ ಮುಖ ಒಯ್ದೆ. ಸದ್ದು ನಿಂತಿತು. ಕೋಇನ್ಸಿಡೆನ್ಸ್.

ಮೇ ೧೧, ಭಾನುವಾರ

ಊರಿಗೆ ಹೋಗಿದ್ದೆ, ತಿರ್ಲಾಪುರಕ್ಕೆ. ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ಅವ್ವ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಊರಿನ ಅರ್ಧ ಮಕ್ಕಳು ಸುಶೀಲವ್ವನ ಕೈಯ ಸಿಹಿ ಗೋದಿ ಹುಗ್ಗಿ ತಿಂದು ಬೆಳೆದವರು. ಜನವರಿಯಲ್ಲಿ ಅವಳಿಗೇ ಸಕ್ಕರೆ ಬೇನೆ ಬಂತು, ನಾಲ್ಕು ನೂರರ ಹತ್ತಿರ. ಅಪ್ಪ ಹೋದ ಮೇಲೆ ನನಗೆ ಇರುವವಳು ಇವಳೊಬ್ಬಳು. ಆವತ್ತಿನಿಂದ ನನಗೆ ಒಂದೇ ಭಯ. ಈ ಟ್ರೇನಿಂಗ್ ಸಿಕ್ಕಾಗ ಒಳಗೊಳಗೇ ಖುಷಿಯಾದದ್ದೂ ಅದಕ್ಕೇ. ಫ್ರಕ್ಟೋಸ್ ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವುದಿಲ್ಲ ಎಂದು ಪುಸ್ತಕದಲ್ಲಿದೆ.

ಒಂಬತ್ತನೆಯ ಲೋಟದಿಂದ ಹಿಡಿದದ್ದನ್ನು ಒಂದು ಬಾಟ್ಲಿ ಒಯ್ದಿದ್ದೆ. “ಒಂದೇ ಚಮಚ ಅವ್ವಾ, ಬರೀ ಚಾಕ್ಕೆ. ಪ್ರಾಮಿಸ್?”

“ಆತು ಬೇ ಡಾಕ್ಟರವ್ವಾ.” ಅವ್ವ ಒಂದು ಗುಟುಕು ಕುಡಿದಳು. ಕಣ್ಣಲ್ಲಿ ನೀರು. “ನಾಕು ತಿಂಗಳಾತು ನೋಡು. ಸಕ್ಕರಿ ಇಲ್ಲದ ಚಾ ಕುಡಿಯೂದಂದ್ರ ಮಂದಿ ಮನ್ಯಾಗ ಕುಂತಂಗ ಆಗಿತ್ತು. ಈಗ ನಮ್ಮ ಮನಿಗೆ ಬಂದಂಗಾತು.”

ಹೊರಡುವಾಗ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಅವಳ ಕೈಗೆ ಹುರಿದ ಗೋದಿಯ ವಾಸನೆ. ನವಲಗುಂದ ಬರುವ ತನಕ ಅತ್ತೆ. ಬಾಜು ಕೂತ ಅಜ್ಜಿ, “ಯಾರು ಸತ್ತಾರ ಯವ್ವಾ?” ಎಂದು ಕೇಳಿದಳು. ಯಾರೂ ಇಲ್ಲ ಆಯಿ, ಖುಷಿಗೆ ಅಂದೆ. ಅವಳು ಸೀಟು ಬದಲಿಸಿದಳು.

ಮೇ ೧೫, ಗುರುವಾರ

ನನ್ನ ರೂಮ್‌ಮೇಟ್ ನಂದಾ ಬಿ.ಇಡಿ. ಓದುತ್ತಾಳೆ, ಇಡೀ ದಿನ ತಲೆ ತಿನ್ನುತ್ತಾಳೆ. ಅವಳ ಕಾಟಿನ ಕಾಲುಗಳಿಗೆ ಇರುವೆ ಮುತ್ತಿ, ನಾಲ್ಕು ಕಾಲನ್ನೂ ನೀರಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ನನ್ನ ಕಡೆ ಬರುವುದು ನಿಂತಿದೆ. “ಏನ್ ಹಚ್ಚೀ ಬೇ, ನನಗೂ ಒಂದೀಟು ಕೊಡು” ಎಂದಳು. ಏನೂ ಹಚ್ಚಿಲ್ಲ. ನಾನು ಕ್ಲೀನ್ ಇಟ್ಟುಕೊಂಡಿದ್ದೇನೆ, ಅಷ್ಟೆ.

ಉಗುಳುವ ಬಕೆಟ್ ಯಾವಾಗಲೂ ಒಣಗಿಯೇ ಇರುವುದನ್ನು ಕಾಕಾ ನೋಡಿದರೇನೋ. ಅದಕ್ಕೆ ಸ್ವಲ್ಪ ನೀರು ಹಾಕಿ ಇಟ್ಟೆ.

ಮೇ ೧೮, ಭಾನುವಾರ

ತಿರ್ಲಾಪುರ. ಎರಡನೆಯ ಬಾಟ್ಲಿ ಕೊಟ್ಟೆ. ಅವ್ವ ನನಗೋಸ್ಕರ ಗೋದಿ ಹುಗ್ಗಿ ಮಾಡಿದ್ದಳು. ಬೇನೆ ಬಂದ ಮೇಲೆ ಅವಳ ಕೈ ಹಿಡಿತವಾಗಿದೆ, ಬೆಲ್ಲ ಹಾಕಿರಲೇ ಇಲ್ಲ. ಹೇಳಿದೆ.

“ಎರಡು ದೊಡ್ಡ ಹೆಂಟಿ ಹಾಕೇನಲ್ಲ ಬೇ?”

ಬಾಜು ಮನೆಯ ಅಮೃತಾ ಅಕ್ಕ ಬಂದು ಒಂದು ತುತ್ತು ತಿಂದು, “ಅಯ್ಯ ಸುಶೀಲಕ್ಕ, ಗಂಟಲಾ ಕಟ್ಟೂ ಹಂಗ ಸಿಹಿ ಮಾಡೀ” ಎಂದಳು. ಅವ್ವನಿಗೆ ಬೇಜಾರಾಗಬಾರದೆಂದು ಹಾಗೆ ಅಂದಿರಬೇಕು. ನಾನು ಅರ್ಧ ತಿಂದು ಬಿಟ್ಟೆ. ಅವ್ವ ತಟ್ಟೆಯನ್ನೇ ನೋಡುತ್ತಿದ್ದಳು.

ನಾಲ್ಕರ ಬಸ್ಸಿಗೆ ಬಂದುಬಿಟ್ಟೆ. ನಿದ್ದೆ ಚೆನ್ನಾಗಿ ಬಂತು.

ಮೇ ೨೧, ಬುಧವಾರ

ಗೇಟಿನ ಹತ್ತಿರ ಗೌಸಬಿ ಚಾಚಿ ಚಹಾ ಮಾರುತ್ತಾರೆ. ಅವರ ಚಹಾನೂ ಸಪ್ಪಗೆ. ಇವತ್ತು ಇನ್ನೊಂದು ಚಮಚ ಸಕ್ಕರೆ ಕೇಳಿದೆ, ಆಮೇಲೆ ಮತ್ತೊಂದು, ಆಮೇಲೆ ಮತ್ತೊಂದು. ನಾಲ್ಕನೆಯ ಸಲ ಚಾಚಿಯ ಚಮಚ ಲೋಟದ ಮೇಲೆ ಹಾಗೇ ನಿಂತಿತು.

“ನೀನೂ ನುಂಗಾಕತ್ತೀ ಏನ್ ಬೇಟಿ?”

“ಏನ್ರಿ?”

“ನಮ್ಮ ಶಹನಾಜಗೂ ಗಂಡಸರ ಮುಂದ ಉಗುಳಾಕ ನಾಚಿಗಿ. ನಾಳಿಂದ ಬರಬ್ಯಾಡ. ಟ್ರೇನಿಂಗಿನ ಕಾಗದಾ ಗೀಗದಾ ಬ್ಯಾಡ, ಮನಿಗೆ ಹೋಗು.”

ಶಹನಾಜ ಇವರ ಮಗಳಂತೆ. ಎಲ್ಲಿದ್ದಾರೆ ಎಂದು ಕೇಳಿದೆ. “ಮನ್ಯಾಗ ಅದಾಳ. ರೊಟ್ಟಿ ಮಾಡ್ತಾಳ, ಬಟ್ಟಿ ಒಗೀತಾಳ, ನಾ ಕೇಳಿದ್ದಕ್ಕ ಜವಾಬ್ ಕೊಡ್ತಾಳ.” ಅಷ್ಟು ಹೇಳಿ ಸ್ಟೋವಿಗೆ ಪಂಪು ಹೊಡೆಯತೊಡಗಿದರು. ಇಷ್ಟೆಲ್ಲ ಮಾಡುವ ಮಗಳ ಬಗ್ಗೆ ಅಳುಮುಖ ಯಾಕೋ. ಟ್ರೇನಿಂಗ್ ಬಿಡಿಸಲು ನೋಡುತ್ತಾರೆ. ತಮ್ಮ ಮಗಳು ಬಿಟ್ಟ ಜಾಗದಲ್ಲಿ ಇನ್ನೊಬ್ಬಳು ನಿಂತರೆ ಹೊಟ್ಟೆಕಿಚ್ಚು ಸಹಜ.

ನಿಮ್ಮ ಪುಟಗಳನ್ನು ತಿರುವಿ ನೋಡಿದೆ, ಶಹನಾಜ ಅಕ್ಕಾ. ಮೊದಲು ‘೯: ಜೇನಿನಂಥ ಸಿಹಿ’ ಎಂದಿದೆ. ಹದಿನೈದು ದಿನದ ಮೇಲೆ ‘೯: ಸಿಹಿ’. ಆಮೇಲೆ ಬರೀ ‘೯’. ಕೊನೆಯ ಎರಡು ಹಾಳೆ ಪಾಕ ಬಿದ್ದು ಒಂದಕ್ಕೊಂದು ಅಂಟಿವೆ. ನಿಮಗೂ ಒಂಬತ್ತರಲ್ಲೇ ಬರುತ್ತಿತ್ತು. ಒಳ್ಳೆಯದಾಯಿತು.

ಮೇ ೨೩, ಶುಕ್ರವಾರ

ಬೋರು ಬತ್ತಿದೆ. ಟ್ಯಾಂಕರ್ ಬಂತು. ಲೋಟಗಳ ರುಚಿ ನೋಡಿದೆ. ಒಂಬತ್ತಕ್ಕೆ ತಿರುಗಿಸಿ ಎಂದೆ.

“ಖರೇನ?” ಎಂದು ಕಾಕಾ ಎರಡು ಸಲ ಕೇಳಿದರು.

ಎರಡು ಸಲವೂ ಹೌದು ಎಂದೆ. ಈಗ ಅಂಜಿಕೆ ಆಗುವುದಿಲ್ಲ.

ಮೇ ೨೫, ಭಾನುವಾರ

ಊರಿಗೆ ಹೋಗಲಿಲ್ಲ. ಎರಡು ಬಾಟ್ಲಿ ನವಲಗುಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಅವ್ವ ಫೋನ್ ಮಾಡಿ, ಬಾಟ್ಲಿ ಮುಟ್ಟಿತು, ನೀನೂ ಬಂದಿದ್ದರೆ ಚೆನ್ನಿತ್ತು ಅಂದಳು. ಎಷ್ಟು ಹಾಕಿಕೊಳ್ಳಲಿ ಎಂದು ಮತ್ತೆ ಕೇಳಿದಳು. ಎಷ್ಟು ಸಲ ಹೇಳಬೇಕು. ಎಷ್ಟು ಬೇಕಾದರೂ ಕುಡಿ ಎಂದು ಹೇಳಿ ಇಟ್ಟೆ.

ಮೇ ೨೭, ಮಂಗಳವಾರ

ಅಮಾವಾಸ್ಯೆ. ಕಾಕಾ ಏಳನೆಯ ಕಾಲಂಗೆ ಕುಂಕುಮ ಹಚ್ಚಿ, ಬುಡದಲ್ಲಿ ಒಂದು ಹೆಂಟೆ ಬೆಲ್ಲ ಇಟ್ಟರು. ಗಾಣದಲ್ಲಿ ಮೊದಲ ಬೆಲ್ಲ ಒಲೆಗೆ ಕೊಡುತ್ತಿದ್ದರಂತೆ. ಸಂಜೆಯವರೆಗೂ ಬೆಲ್ಲ ಹಾಗೇ ಇತ್ತು. ಕಾಕಾ ಅದನ್ನು ಹೊರಗೆ ಎಸೆದರು. ಕಾಗೆ ಕುಕ್ಕಿತು. ಕುಕ್ಕಿ, ಕೊಕ್ಕನ್ನು ಕಲ್ಲಿಗೆ ತಿಕ್ಕಿ ಹಾರಿಹೋಯಿತು.

ಏಳನೆಯ ಕಾಲಂ ಈಗ ನಾನು ಮುಖ ಒಯ್ದರೂ ಸದ್ದು ನಿಲ್ಲಿಸುವುದಿಲ್ಲ.

ಮೇ ೨೯, ಗುರುವಾರ

ಅವ್ವ ಫೋನ್ ಮಾಡಿದ್ದಳು. ಬಹಳ ನೀರಡಿಕೆ, ಪಾದ ಉರಿಯುತ್ತವೆ, ಕಣ್ಣು ಮಂಜಾಗುತ್ತದೆ ಎಂದಳು. ಬೇಸಿಗೆ. ಎಲ್ಲರಿಗೂ ನೀರಡಿಕೆ ಆಗುತ್ತದೆ.

ಮೇ ೩೧, ಶನಿವಾರ

ಕಾಕಾ ಮೂರು ಲೋಟ ತಂದು ಮುಂದೆ ಇಟ್ಟರು. “ನೋಡಿ ಹೇಳು.”

ಮೊದಲನೆಯದು ಗ್ಲುಕೋಸ್ ಎಂದೆ. ಎರಡನೆಯದು ಕಲೆತದ್ದು. ಮೂರನೆಯದು ಬಹಳ ಸಿಹಿ, ಒಂಬತ್ತು.

ಅವರು ಮೂರನೆಯ ಲೋಟ ಎತ್ತಿ ತಾವೇ ಕುಡಿದರು. ಆಮೇಲೆ ಎರಡನೆಯದು, ಆಮೇಲೆ ಮೊದಲನೆಯದು. “ಮೂರೂ ಬಿಸಿನೀರು ಬೇ ಗುರವ್ವಾ. ಕೆಟಲಿದು.”

ಕಾಕಾಗೆ ವಯಸ್ಸಾಯಿತು, ತಂಬಾಕು ಬೇರೆ. ಅವರಿಗೆ ರುಚಿ ತಿಳಿಯುವುದಿಲ್ಲ ಎಂದು ಮೊದಲ ದಿನ ಅವರೇ ಹೇಳಿದ್ದರು.

“ಎಷ್ಟು ದಿನಾ ಆತು?” ಎಂದರು.

ಏನು ಎಷ್ಟು ದಿನ ಎಂದು ಕೇಳಿದೆ. ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. “ಆ ಶಹನಾಜನೂ ಹಿಂಗ ಕೇಳಿದ್ಳು. ನಂದ ತಪ್ಪು. ನೀ ಉಗುಳೂದನ್ನ ನಿಂತು ನೋಡಬೇಕಾಗಿತ್ತು.” ಕಾಲಂಗಳನ್ನು ಬಂದ್ ಮಾಡಿ ಹೊರಟರು. ಮೂರು ಗಂಟೆಗೇ ಬಂದ್ ಮಾಡಿದರು.

ಜೂನ್ ೧, ಭಾನುವಾರ

ಊರಿಗೆ ಹೋಗಲಿಲ್ಲ. ಬಟ್ಟೆ ಒಗೆದೆ.

ಜೂನ್ ೨, ಸೋಮವಾರ

ಅಮೃತಾ ಅಕ್ಕನ ಫೋನು ಬೆಳಿಗ್ಗೆ ಏಳಕ್ಕೆ ಬಂತು. ಅವ್ವ ಒಲೆಯ ಮುಂದೆ ಬಿದ್ದಿದ್ದಾಳೆ, ಮಾತು ತೊದಲುತ್ತಿದೆ, ನವಲಗುಂದದ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದಳು. ಎಂಟರ ಬಸ್ಸು ಹಿಡಿದೆ. ಕಿಟಕಿ ಸೀಟು ಸಿಕ್ಕಿತು.

ರಕ್ತದ ಸಕ್ಕರೆ ಐದು ನೂರಾ ಎಂಬತ್ತು. ಡಾಕ್ಟರ್ ಮೇಡಂ ಅಮೃತಾ ಅಕ್ಕ ತಂದಿದ್ದ ಬಾಟ್ಲಿಯನ್ನು ಬೆಳಕಿಗೆ ಹಿಡಿದು, “ಇದನ್ನ ಯಾರ್ ಕೊಟ್ಟವರು?” ಎಂದರು. ನಾನೇ ಎಂದೆ. ನೀರಿಗೆ ಕಲಸಿ ದಿನಕ್ಕೆ ಎರಡು ತಂಬಿಗೆ ಕುಡಿದಿದ್ದಾಳೆ ಎಂದು ಅಮೃತಾ ಅಕ್ಕ ಹೇಳಿದಳು.

“ಓದಾಕತ್ತಾಕಿ ಅಲ್ಲ ನೀ? ಇದು ಔಷಧ ಅಂತ ಯಾರ್ ಹೇಳಿದ್ರು ನಿನಗ? ಆ ಸಕ್ಕರಿ ಆಗಲಿ ಈ ಸಕ್ಕರಿ ಆಗಲಿ, ತಂಬಿಗಿಗಟ್ಟಲೆ ಕುಡಿದ್ರ ಸಾಯ್ತಾರ.”

ಸವಳು ನೀರು ಬಂದ ಮೇಲೆ ಎರಡೂ ಸಕ್ಕರೆ ಕಲೆತೇ ಇಳಿದಿರಬೇಕು. ನಾಲಿಗೆಗೆ ಗೊತ್ತಾಗದೆ ನಾನು ಲೋಟದ ನಂಬರ್ ನೋಡಿ ತುಂಬಿದ್ದೆ. ಕಾರಣ ಅರ್ಥವಾಯಿತು. ಡಾಕ್ಟರಿಗೆ ಹಾಗೇ ವಿವರಿಸಿದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಬಾಟ್ಲಿಯನ್ನಲ್ಲ, ನನ್ನನ್ನು.

ಮಧ್ಯಾಹ್ನ ಅವ್ವ ಕಣ್ಣು ಬಿಟ್ಟಳು. “ಬಂದ್ಯಾ ನನ್ನವ್ವಾ. ನೀ ಕೊಟ್ಟದ್ದಂತ ಮುಂಜಾನಿ ಸಂಜಿ ಕುಡದ್ನಿ. ಎಷ್ಟ ಛಲೋ ಇತ್ತು ಗೊತ್ತೈತೇನು? ನೀ ಬರಲಿಲ್ಲ ಅನ್ನೂದು ಆ ಒಂದು ಗಳಿಗಿ ಮರೀತಿತ್ತು.”

ನನ್ನ ಕೆನ್ನೆ ಸವರಿದಳು. ಕೈ ಒಣಗಿತ್ತು. ಸೂಜಿ ಚುಚ್ಚಿದ ಕಡೆ ಟೇಪು ಇತ್ತು.

ಅಮೃತಾ ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಯಾಕೆ ಅಳುತ್ತಿದ್ದೀಯಾ, ಅವ್ವ ಎದ್ದಳಲ್ಲ ಎಂದೆ.

ಜೂನ್ ೪, ಬುಧವಾರ

ಅವ್ವನ ಸಕ್ಕರೆ ಇನ್ನೂರಾ ಹತ್ತಕ್ಕೆ ಇಳಿದಿದೆ. ಶನಿವಾರ ಮನೆಗೆ ಕಳಿಸುತ್ತಾರೆ.

ನಿನ್ನೆ ಸಂಜೆ ಅಣ್ಣಿಗೇರಿಗೆ ಬಂದೆ, ಸಾಮಾನು ಒಯ್ಯಲು. ನಂದಾ ನನ್ನನ್ನು ತಬ್ಬಿಕೊಂಡಳು, ಆಮೇಲೆ ಕೈ ತೆಗೆದು ಹಿಂದೆ ಸರಿದಳು. “ಏನಾಗೇತಿ ಬೇ ನಿನಗ? ಕಟಗಿ ಹಿಡಕೊಂಡಂಗ ಆತು.” ಅವಳು ತಮಾಷೆಗೆ ಅಂದದ್ದಲ್ಲ ಎಂದು ತಿಳಿಯಿತು.

ಇವತ್ತು ಬೆಳಿಗ್ಗೆ ಹಾಸ್ಟೆಲ್ ಮೆಟ್ಟಿಲ ಮೇಲೆ ಇರುವೆಗಳ ಸಾಲು ಹೊರಟಿತ್ತು. ಅಂಗೈ ತುಂಬ ಸಕ್ಕರೆ ಹಾಕಿಕೊಂಡು ದಾರಿಗೆ ಅಡ್ಡ ಇಟ್ಟೆ. ಮುಂದಿನ ಇರುವೆ ನಿಂತಿತು. ಮೀಸೆ ಆಡಿಸಿತು. ಸಾಲು ನನ್ನ ಕೈಯಿಂದ ಒಂದು ಗೇಣು ದೂರ ಬಾಗಿ, ಸುತ್ತು ಹಾಕಿ ಹೋಯಿತು. ಅದೇ ಸಕ್ಕರೆಯನ್ನು ಕಲ್ಲಿನ ಮೇಲೆ ಸುರಿದು ದೂರ ನಿಂತೆ. ಬಂದವು.

ಶೆಡ್ಡಿಗೆ ಹೋಗಿ ಕಾಕಾಗೆ ಹೇಳಿದೆ: ಮೇ ಇಪ್ಪತ್ತರ ಆಸುಪಾಸಿನಿಂದ ನನಗೆ ಏನೂ ಗೊತ್ತಾಗುತ್ತಿಲ್ಲ, ನಂಬರ್ ನೋಡಿ ಸುಳ್ಳು ಹೇಳುತ್ತಿದ್ದೆ, ಒಂದು ದಿನವೂ ಉಗುಳಲಿಲ್ಲ. ಅವರು ಬೈಯಲಿಲ್ಲ. ಮಡಿವಾಳೆಪ್ಪ ಸಾವಕಾರರಿಗೆ ಫೋನ್ ಹಚ್ಚಿ, “ಮೀಟರ್ ಬರೂತನ ಕಂಬ ಚಾಲೂ ಮಾಡಂಗಿಲ್ರಿ. ಮಾಡಸ್ತೀನಂದ್ರ ನೀವ ಬಂದು ನೆಕ್ಕ್ರಿ” ಎಂದು ಇಟ್ಟುಬಿಟ್ಟರು. ಎಂಟೂ ಬಂದ್ ಇದ್ದವು, ಬಿಸಿನೀರೂ ಇಲ್ಲ. ಏಳನೆಯದು ಆದರೂ ಚೀಪುತ್ತಿತ್ತು.

“ಹಿಡದದ್ದನ್ನ ಬಿಡಸೂದು ಹೆಂಗ ಕಾಕಾ?” ಎಂದು ಕೇಳಿದೆ.

“ಮಣಿ ಆದ್ರ ನೀರು ಬಿಟ್ಕೊಂತ ಇರಬೇಕು. ಮನಶ್ಯಾರದು ನನಗ ಗೊತ್ತಿಲ್ಲವ್ವಾ.”

ಅಂಟಿಕೊಂಡ ಕೊನೆಯ ಎರಡು ಹಾಳೆಗಳನ್ನು ಕೆಟಲಿನ ಹಬೆಗೆ ಹಿಡಿದು ಬಿಡಿಸಿದೆ. ಒಂದರಲ್ಲಿ ನಂಬರುಗಳಿವೆ. ಇನ್ನೊಂದರಲ್ಲಿ ನಿಮ್ಮ ಅದೇ ಚಂದದ ಅಕ್ಷರದಲ್ಲಿ ಒಂದೇ ಸಾಲು: ‘ಇವತ್ತು ಅಮ್ಮಿ ಅತ್ತಳು. ಯಾಕೆ ಎಂದು ಕೇಳಿದೆ.’

ಆಮೇಲೆ ನನ್ನ ಪುಟಗಳನ್ನು ಮೊದಲಿನಿಂದ ಓದಿದೆ. ಮೇ ಹನ್ನೊಂದರ ಹಾಳೆಯಲ್ಲಿ ಯಾರೋ ನವಲಗುಂದದ ತನಕ ಅತ್ತಿದ್ದಾಳೆ. ಅಕ್ಷರ ನನ್ನದೇ. ಹುರಿದ ಗೋದಿಯ ವಾಸನೆ ಎಂದು ಬರೆದಿದ್ದಾಳೆ. ಮೊನ್ನೆ ಅವ್ವ ಕೆನ್ನೆ ಸವರಿದಾಗಲೂ ಅದೇ ವಾಸನೆ ಇದ್ದಿರಬೇಕು. ನನ್ನಿಂದ ಹೋದದ್ದು ನಾಲಿಗೆಯ ರುಚಿಯೊಂದೇ ಅಲ್ಲ ಎಂದು ಇದನ್ನು ಓದಿ ತಿಳಿದುಕೊಂಡೆ, ಒಂದು ಲೆಕ್ಕ ಬಿಡಿಸಿದ ಹಾಗೆ. ಹೆದರಬೇಕಿತ್ತು. ಹೆದರಿಕೆ ಆಗುತ್ತಿಲ್ಲ.

ಅದಕ್ಕೇ ಈ ಪುಸ್ತಕ ನಿಮಗೆ ವಾಪಸ್ ಕಳಿಸುತ್ತಿದ್ದೇನೆ, ಶಹನಾಜ ಅಕ್ಕಾ. ಗೌಸಬಿ ಚಾಚಿ ಸಂಜೆ ಮನೆಗೆ ಒಯ್ಯುತ್ತಾರೆ. ಒಯ್ಯುತ್ತೀರಾ ಎಂದು ಕೇಳಿದಾಗ ಅವರು ನನ್ನ ತಲೆಯ ಮೇಲೆ ಕೈ ಇಟ್ಟು ಏನೋ ಓದಿ ಊದಿದರು. “ಮಾತಾಡಿದ್ರ ಹೂಂ, ಊಹೂಂ ಅಷ್ಟ ಅಂತಾಳ. ಬರದು ಕೇಳು, ಬರದು ಹೇಳ್ತಾಳ” ಎಂದರು. ಹೋದ ವಾರ ರೊಟ್ಟಿ ಮಾಡುತ್ತಾ ನೀವು ಒಂದು ಸಲ ತವಾ ಮುಂದೆ ಕೈ ನಿಲ್ಲಿಸಿ, ಗಳಿಗೆ ಹೊತ್ತು ಹಾಗೇ ನಿಂತಿದ್ದಿರಂತೆ. ಏನೋ ನೆನಪಾದವರ ಹಾಗೆ.

ಕಡಿಮೆ ಹಿಡಿದದ್ದು ಮೊದಲು ಹೊರಗೆ ಬರುತ್ತದೆ, ಬಿಗಿಯಾಗಿ ಹಿಡಿದದ್ದು ಕೊನೆಗೆ ಬರುತ್ತದೆ ಎಂದು ಕಾಲೇಜಿನ ಪುಸ್ತಕದಲ್ಲಿದೆ. ಬರುವುದೇ ಇಲ್ಲ ಎಂದು ಎಲ್ಲಿಯೂ ಇಲ್ಲ. ಬೆಳಿಗ್ಗೆಯಿಂದ ನೀರು ಕುಡಿಯುತ್ತಲೇ ಇದ್ದೇನೆ, ಇದು ಹನ್ನೊಂದನೆಯ ಲೋಟ.

ಶನಿವಾರ ಅವ್ವನನ್ನು ಮನೆಗೆ ಕರೆದೊಯ್ಯುವವಳು ನಾನೇ. ಬಾಗಿಲಲ್ಲಿ ಅವಳು ಕೆನ್ನೆ ಸವರಿ ನೆಟಿಗೆ ಮುರಿಯುತ್ತಾಳೆ. ಆಗ ನಾನು ಏನು ಮಾಡುತ್ತಿದ್ದೆ ಎಂಬುದು ಹಾಳೆಯಲ್ಲಿ ಇದೆ, ಬೇಕಾದರೆ ಹಾಗೇ ಮಾಡಬಹುದು. ಆದರೆ ಅವ್ವನಿಗೆ ಗೊತ್ತಾಗುತ್ತದೆ. ಅವಳು ಅಡುಗೆಯವಳು.

ನಿಮಗೆ ಅದು ತಿರುಗಿ ಬಂತೇ? ಬಂದಿದ್ದರೆ ಎಷ್ಟನೆಯ ದಿನಕ್ಕೆ, ಮೊದಲು ಏನು ಬಂತು? ಶನಿವಾರಕ್ಕೆ ಇನ್ನು ಮೂರೇ ದಿನ. ಇದೇ ಪುಸ್ತಕದಲ್ಲಿ, ಇದರ ಕೆಳಗೇ ಬರೆದು ಅಮ್ಮಿಯ ಕೈಯಲ್ಲಿ ಕೊಡಿ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಗುರವ್ವ